ಮನೆಗೊಂದು ಕೈಕಡತ

(ಚೀಕಲಪರ್ವಿಯಲ್ಲಿ ರೈತ ಬಾಂಧವರ ಮುಂದೆ ಮಾಡಿದ ಭಾಷಣ)



ಬೀಜ, ಗೊಬ್ಬರ, ಕಾಲುವೆಯ ನೀರು ಇವುಗಳ ವಿಷಯವನ್ನು ನೀವು ಅನೇಕ ಸಲ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಒಂದು ಪುಸ್ತಕದ ವಿಷಯ. ಪೇಟೆಯಲ್ಲಿ ಕೊಂಡು ತರುವ ಪುಸ್ತಕವಲ್ಲ. ಮನೆಯಲ್ಲಿಯೇ ಕತ್ತರಿಸಿ, ಹೊಲಿದು, ಅಂಟಿಸಿ, ಮುದ್ರೆಯೊತ್ತಿ ಮಾಡಿಕೊಳ್ಳುವ ಪುಸ್ತಕ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಆದರೆ ಅದರಿಂದಾಗುವ ಉಪಯೋಗ ದೊಡ್ಡದು.

ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಒಕ್ಕಲುತನದ ಲೆಕ್ಕ ಎಲ್ಲಿದೆ? ಸಾಲದ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿದೆ. ಗೊಬ್ಬರದ ಲೆಕ್ಕ ಅಂಗಡಿಯವರ ಪುಸ್ತಕದಲ್ಲಿದೆ. ಮಾರಿದ ಭತ್ತದ ತೂಕ ದಲಾಲರ ಪುಸ್ತಕದಲ್ಲಿದೆ. ಭೂಮಿಯ ಲೆಕ್ಕ ಕಚೇರಿಯಲ್ಲಿದೆ. ವರ್ಷವಿಡೀ ದುಡಿದವನ ಕೈಯಲ್ಲಿ ಮಾತ್ರ ಒಂದು ಹಾಳೆಯೂ ಇಲ್ಲ. ವಾದ ಬಂದಾಗ ಪರರ ಪುಸ್ತಕವೇ ಸಾಕ್ಷಿಯಾಗುತ್ತದೆ. ನಮ್ಮದು ಬರೀ ಬಾಯಿಮಾತು ಆಗುತ್ತದೆ. ಇದು ಹೀಗೆಯೇ ಇರಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಕೈಯಿಂದ ಮಾಡಿದ ಪುಸ್ತಕ ಹೊಸದೇನೂ ಅಲ್ಲ. ಕಚೇರಿಗೆ ಹೋದಾಗ 'ನಮ್ಮ ಕಡತ ಎಲ್ಲಿಗೆ ಬಂತು?' ಎಂದು ನೀವು ವಿಚಾರಿಸುವಿರಷ್ಟೆ. ಆ ಕಡತವೆಂಬುದು ಹಿಂದೆ ನಿಜವಾಗಿ ಒಂದು ಬಟ್ಟೆಯ ಪುಸ್ತಕವಾಗಿತ್ತು. ಗೇಣಿಗಿಂತ ತುಸು ಹೆಚ್ಚು ಕಡಿಮೆ ಅಗಲದ ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕೂಡಿಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದನ್ನು ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗಳಿಗೂ ಬಣ್ಣದ ಮರದ ಹಲಗೆ ಕೂಡಿಸುತ್ತಿದ್ದರು. ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬೆಳ್ಳಗೆ ಅಕ್ಷರ ಮೂಡುತ್ತಿತ್ತು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ೧೮೧೦ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಅವನು ವರ್ಣಿಸಿದ ಕಡತಗಳು ಹನ್ನೆರಡರಿಂದ ಹದಿನೆಂಟು ಅಡಿ ಉದ್ದವಿದ್ದವು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸ ಬರೆಯುವವರಿಗೆ ಇಂದಿಗೂ ಆಧಾರವಾಗಿವೆ. ಹುಣಸೆಬೀಜ, ಇದ್ದಿಲು, ಹಳೆಯ ಬಟ್ಟೆ. ಇವು ಯಾವ ಹಳ್ಳಿಯಲ್ಲಿ ಸಿಕ್ಕುವುದಿಲ್ಲ, ಹೇಳಿರಿ?

ಇನ್ನು ಈ ಊರಿನ ಮಾತು. ಚೀಕಲಪರ್ವಿ ಎಂದರೆ ವಿಜಯದಾಸರ ಊರು. ೧೬೮೨ರಲ್ಲಿ ಇಲ್ಲಿಯ ಬಡ ಮನೆಯಲ್ಲಿ ಹುಟ್ಟಿದ ಅವರು ೧೭೫೫ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಅವರ ಶಿಷ್ಯರು ಮೊಸರಕಲ್ಲಿನ ಗೋಪಾಲದಾಸರು. ಅವರ ಮುಂದಿನ ತಲೆಮಾರಿನವರು ನಮ್ಮ ಮಾನ್ವಿಯ ಜಗನ್ನಾಥದಾಸರು. ಇವರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಅಚ್ಚುಕೂಟವಿರಲಿಲ್ಲ. ಹಾಗಾದರೆ ಆ ಸುಳಾದಿ, ಪದಗಳು ನಮ್ಮವರೆಗೆ ಹೇಗೆ ಬಂದವು? ಹಾಡುವವರ ಬಾಯಿಂದ ಬಂದವು, ಕೈಬರಹದ ಹೊತ್ತಿಗೆಗಳಿಂದಲೂ ಬಂದವು. ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಭಜನೆಯವರು ಹಾಳೆ ಹೊಲಿದುಕೊಂಡು ಬರೆದಿಟ್ಟರು. ಅಂಥ ಹೊತ್ತಿಗೆಗಳನ್ನು ಹುಡುಕಿ ಕೂಡಿಸಿ ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರು ಹರಿದಾಸ ಸಾಹಿತ್ಯವನ್ನು ಅಚ್ಚು ಮಾಡಿಸಿದರು. ಬರೆದಿಟ್ಟವರ ಹೆಸರು ನಮಗೆ ಗೊತ್ತಿಲ್ಲ, ಆದರೆ ಅವರು ಬರೆದಿಟ್ಟ ಪದ ಉಳಿದಿದೆ. ಬರೆದಿಡದೆ ಹೋದವು ಎಷ್ಟೋ ಹಾಡಿದವರ ಜೊತೆಗೇ ಹೋಗಿರಬೇಕು. ಇಂದು ನಿಮ್ಮ ಮನೆಯ ಅಜ್ಜಿ ಬೀಸುವಾಗ, ಕುಟ್ಟುವಾಗ ಕಲಿತ ಹಾಡುಗಳ ಗತಿಯೂ ಇದೇ. ಬೀಸುಕಲ್ಲು ನಿಂತಿತು, ಹಾಡುವ ಹೊತ್ತೂ ನಿಂತಿತು. ಅವರಿರುವಾಗಲೇ ಬರೆದುಕೊಳ್ಳಬೇಕು.

ನಾನು ಹೇಳುವ ಪುಸ್ತಕದಲ್ಲಿ ಎರಡು ಕೆಲಸಗಳಿವೆ. ಒಂದು ಅಂಟಿಸುವುದು, ಇನ್ನೊಂದು ಮುದ್ರೆಯೊತ್ತುವುದು. ಬಗೆಬಗೆಯ ಚೂರುಗಳನ್ನು ಅಂಟಿಸಿ ಚಿತ್ರ ಮಾಡುವುದಕ್ಕೆ ಪೇಟೆಯ ಚಿತ್ರಗಾರರು ಕೊಲಾಜ್ ಎನ್ನುತ್ತಾರೆ. ೧೯೧೨ರಲ್ಲಿ ಪ್ಯಾರಿಸಿನಲ್ಲಿ ಪಿಕಾಸೋ, ಬ್ರಾಕ್ ಎಂಬ ಚಿತ್ರಗಾರರು ವೃತ್ತಪತ್ರಿಕೆಯ ತುಂಡುಗಳನ್ನು ಚಿತ್ರಕ್ಕೆ ಅಂಟಿಸಿದಾಗ ಲೋಕವೇ ಬೆರಗಾಯಿತು. ಆದರೆ ನಮ್ಮ ತಾಯಂದಿರು ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುತ್ತ ಬಂದಿದ್ದಾರೆ. ಈ ಚೂರು ಅತ್ತೆಯ ಸೀರೆಯದು, ಇದು ಮಗನ ತೊಟ್ಟಿಲ ಬಟ್ಟೆ ಎಂದು ಕೌದಿ ನೋಡಿ ಮನೆತನದ ಕಥೆ ಹೇಳುವವರಿದ್ದಾರೆ. ಅದೇ ಕೆಲಸವನ್ನು ಕಾಗದದ ಮೇಲೆ ಮಾಡಿರಿ ಎನ್ನುವುದಷ್ಟೇ ನನ್ನ ಮಾತು.

ಮುದ್ರೆಯೂ ನಮಗೆ ಪರಿಚಿತವೇ. ಗೋಪೀಚಂದನದಲ್ಲಿ ಅದ್ದಿ ಮೈಮೇಲೆ ಶಂಖ ಚಕ್ರಗಳ ಮುದ್ರೆ ಹಾಕಿಕೊಳ್ಳುವುದನ್ನು ನೀವು ನೋಡಿದ್ದೀರಿ. ಸರಕಾರದ ಪಾಲನ್ನು ಕಾಳಿನಲ್ಲಿಯೇ ಸಲ್ಲಿಸುತ್ತಿದ್ದ ಕಾಲದಲ್ಲಿ, ಪಾಲು ಆಗುವವರೆಗೆ ಯಾರೂ ಮುಟ್ಟಬಾರದೆಂದು ಕಣದ ರಾಶಿಗೆ ಮುದ್ರೆ ಒತ್ತುತ್ತಿದ್ದರು. ದಾಸರು ಪದದ ಕೊನೆಗೆ ಹಾಕುವ ಅಂಕಿತವೂ ಗುರುತೇ ಅಲ್ಲವೆ? ರಬ್ಬರಿನ ಮುದ್ರೆ ಮಾತ್ರ ಈಚಿನದು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಗಂಧಕ ಕೂಡಿಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡುವ ಬಗೆಯನ್ನು ಕಂಡುಕೊಂಡ ಮೇಲೆಯೇ ಅದು ಸಾಧ್ಯವಾಯಿತು.

ಈಗ ಪುಸ್ತಕ ಮಾಡುವ ಕ್ರಮವನ್ನು ಹೇಳುತ್ತೇನೆ.

ನಾವು ಒಕ್ಕಲಿಗರು. ನಮ್ಮ ಪಂಚಾಂಗವೆಂದರೆ ಮಳೆಯ ನಕ್ಷತ್ರಗಳು. ವರ್ಷಕ್ಕೆ ಇಪ್ಪತ್ತೇಳು ನಕ್ಷತ್ರ. ಒಂದೊಂದು ನಕ್ಷತ್ರಕ್ಕೆ ಹದಿಮೂರು, ಹದಿನಾಲ್ಕು ದಿನ. ಏಪ್ರಿಲ್ ನಡುವೆ ಅಶ್ವಿನಿಯಿಂದ ಎಣಿಕೆ ಸುರುವಾಗುತ್ತದೆ. ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಮೊದಲ ವಾರ ಕಳೆದಾಗ ಮೃಗಶಿರ, ಜೂನ್ ಮೂರನೆಯ ವಾರ ಮುಗಿಯುವಾಗ ಆರಿದ್ರ. ಪುಸ್ತಕವನ್ನು ತೆರೆದಾಗ ಎದುರುಬದುರು ಕಾಣುವ ಎರಡು ಪುಟಗಳು ಒಂದು ನಕ್ಷತ್ರಕ್ಕೆ ಇರಲಿ. ಹಾಗಾದರೆ ಇಪ್ಪತ್ತೆಂಟು ಎಲೆಗಳು ಬೇಕು. ದೊಡ್ಡ ಹಾಳೆಯನ್ನು ನಡುವೆ ಮಡಿಸಿದರೆ ಎರಡು ಎಲೆಯಾಗುತ್ತದೆ. ಆದ್ದರಿಂದ ಹದಿನಾಲ್ಕು ಹಾಳೆ ಸಾಕು. ಶಾಲೆಯ ಮಕ್ಕಳ ನೋಟುಬುಕ್ಕಿನಲ್ಲಿ ವರ್ಷದ ಕೊನೆಗೆ ಉಳಿಯುವ ಬರೆಯದ ಹಾಳೆಗಳು ಇದಕ್ಕೆ ಯೋಗ್ಯ. ವೃತ್ತಪತ್ರಿಕೆಯ ಕಾಗದ ಬೇಡ. ಅದು ಕೆಲವು ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ.

ಏಳೇಳು ಹಾಳೆಯ ಎರಡು ಕಟ್ಟು ಮಾಡಿರಿ. ಇಲ್ಲಿ ಒಂದು ಎಚ್ಚರಿಕೆ. ಅಂಟಿಸುತ್ತ ಹೋದಂತೆ ಪುಸ್ತಕ ಉಬ್ಬಿ ಬಾಯಿ ಬಿಡುತ್ತದೆ. ಆದಕಾರಣ ಪ್ರತಿ ಎರಡು ಹಾಳೆಯ ನಡುವೆ ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಮಡಿಸಿ ಬೆನ್ನಿನ ಕಡೆ ಸೇರಿಸಿರಿ. ಬೆನ್ನು ಮೊದಲೇ ದಪ್ಪವಾಗುವುದರಿಂದ ಅಂಟಿಸಿದುದಕ್ಕೆ ಜಾಗ ಸಿಗುತ್ತದೆ. ರಟ್ಟಿನ ಪೆಟ್ಟಿಗೆಯಿಂದ ಎರಡು ಹಲಗೆ ಕತ್ತರಿಸಿ, ನಡುವೆ ಬೆನ್ನಿನಷ್ಟು ಸಂದು ಬಿಟ್ಟು, ಹಳೆಯ ಗಟ್ಟಿ ಬಟ್ಟೆಗೆ ಅಂಟಿಸಿರಿ. ಇದೇ ಹೊದಿಕೆ. ಅದು ಒಣಗಿದ ಮೇಲೆ ಒಂದೊಂದೇ ಕಟ್ಟನ್ನು ಬಟ್ಟೆಯ ಬೆನ್ನಿಗೆ ಹೊಲಿಯಬೇಕು. ಮಡಿಕೆಯಲ್ಲಿ ಬಟ್ಟೆಗೂ ಸೇರಿ ಮೂರು ತೂತು ಹಾಕಿರಿ: ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು. ದಬ್ಬಣವಿದ್ದರೆ ಸುಲಭ. ದಾರಕ್ಕೆ ಜೇನುಮೇಣವನ್ನೋ ಮೇಣಬತ್ತಿಯನ್ನೋ ತಿಕ್ಕಿರಿ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಕ್ಕೆ ತೆಗೆಯಿರಿ. ಮೇಲಿನ ತೂತಿನಿಂದ ಒಳಕ್ಕೆ ತನ್ನಿರಿ. ಒಳಗೇ ಉದ್ದಕ್ಕೆ ಎಳೆದು ಕೆಳಗಿನ ತೂತಿನಿಂದ ಹೊರಕ್ಕೆ ತೆಗೆಯಿರಿ. ಕೊನೆಗೆ ನಡುವಿನ ತೂತಿನಿಂದ ಮತ್ತೆ ಒಳಕ್ಕೆ ತಂದು, ಉದ್ದನೆಯ ದಾರದ ಆಚೆ ಒಂದು, ಈಚೆ ಒಂದು ತುದಿಯಿರುವಂತೆ ಬಿಗಿದು ಗಂಟು ಹಾಕಿರಿ. ಎರಡನೆಯ ಕಟ್ಟನ್ನು ಅದರ ಪಕ್ಕದಲ್ಲಿ ಹೀಗೆಯೇ ಹೊಲಿಯಿರಿ.

ಅಂಟಿಗೆ ಒಂದು ಬಟ್ಟಲು ಮೈದಾ, ಐದು ಬಟ್ಟಲು ನೀರು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಬಿಡದೆ ತಿರುವುತ್ತ, ಬೆಳ್ಳಗಿದ್ದುದು ಗಂಜಿಯ ಹಾಗೆ ತಿಳಿಯಾಗುವವರೆಗೆ ಕಾಯಿಸಿರಿ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು, ಅರೆದು ಕುದಿಸಿದರೆ ಇನ್ನೂ ಗಟ್ಟಿಯಾದ ಅಂಟಾಗುತ್ತದೆ. ಹಿಟ್ಟಿನ ಅಂಟಿಗೆ ಹುಳು ಬರುತ್ತದೆ. ಅದಕ್ಕಾಗಿ ಪುಸ್ತಕ ಕಟ್ಟುವವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಹಾಕಿದರೆ ಮಕ್ಕಳ ಕೈಗೆ ಸಿಗದಂತೆ ಬೇರೆ ಡಬ್ಬಿಯಲ್ಲಿಡಿರಿ, ಅಡಿಗೆಯ ಪಾತ್ರೆ ಮುಟ್ಟಿಸಬೇಡಿರಿ. ಅದು ಬೇಡವೆಂದರೆ ಪುಟಗಳ ನಡುವೆ ಒಣಗಿದ ಬೇವಿನ ಎಲೆ ಇಟ್ಟು, ಆಗಾಗ ಹೊಸದು ಹಾಕಿರಿ. ಅಂಟು ತೆಳ್ಳಗಿರಲಿ. ಅಂಟಿಸಿದ ಮೇಲೆ ನೆರಳಿನಲ್ಲಿ ಒಣಗಿಸಿ, ಮೇಲೆ ಭಾರ ಹೇರಿರಿ.

ಇನ್ನು ಮುದ್ರೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಸೈಕಲ್ ಟ್ಯೂಬು ಇದಕ್ಕೆ ಎಲ್ಲಕ್ಕಿಂತ ಸುಲಭ. ಕತ್ತರಿಯಿಂದ ಬೇಕಾದ ಆಕಾರ ಕತ್ತರಿಸಿ, ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ನಿನಿಂದ ಚಿಕ್ಕ ಮರದ ತುಂಡಿಗೆ ಅಂಟಿಸಿದರೆ ಮುದ್ರೆಯಾಯಿತು. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೊಳೆದು ಒಣಗಿಸಿ, ಹೊಸ ಬ್ಲೇಡಿನಿಂದ ಕೆತ್ತಬಹುದು. ಬ್ಲೇಡು ಹಿಡಿಯುವ ಕೆಲಸ ದೊಡ್ಡವರದು. ಅಟ್ಟೆ ಹಿಡಿದ ಕೈಯಿಂದ ಆಚೆಗೆ ಕೊಯ್ಯಬೇಕು. ಗೆರೆಯ ಬುಡ ಅಗಲವಾಗಿರುವಂತೆ ಓರೆಯಾಗಿ ಕೊಯ್ದರೆ ಒತ್ತುವಾಗ ಬಾಗುವುದಿಲ್ಲ. ಅಕ್ಷರ ಕೆತ್ತುವುದಾದರೆ ಅದು ತಿರುಗುಮುರುಗಾಗಿ ಇರಬೇಕು. ಇದಕ್ಕೆ ಉಪಾಯವಿದೆ. ತೆಳುಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ನೇರವಾಗಿ ಬರೆದು, ಬರೆದ ಬದಿಯನ್ನು ರಬ್ಬರಿನ ಮೇಲೆ ಬೋರಲು ಹಾಕಿ, ಚಮಚದ ಬೆನ್ನಿನಿಂದ ಉಜ್ಜಿರಿ. ಅಕ್ಷರ ತಾನಾಗಿಯೇ ತಿರುಗಿ ಮೂಡುತ್ತದೆ. ಅದರಂತೆ ಕೆತ್ತಿದರೆ ಒತ್ತಿದಾಗ ನೇರವಾಗಿ ಬೀಳುತ್ತದೆ.

ಮಸಿಯ ಮಾತು. ಅಂಗಡಿಯ ನೇರಳೆ ಮಸಿ ಬಿಸಿಲಿಗೆ ಮಾಸುತ್ತದೆ, ನೀರು ಬಿದ್ದರೆ ಹರಡುತ್ತದೆ. ದೀಪದ ಕಾಡಿಗೆಯನ್ನು ಜಾಲಿಯ ಅಂಟಿನ ನೀರಿನಲ್ಲಿ ಚೆನ್ನಾಗಿ ಅರೆದರೆ ಮಾಸದ ಕಪ್ಪು ಮಸಿ ಸಿದ್ಧ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಅದೇ ಅಂಟಿನಲ್ಲಿ ಕಲಸಿದರೆ ಕೆಂಪು. ಅರಿಸಿನ ನೋಡಲು ಚೆಂದ, ಆದರೆ ಬೆಳಕಿಗೆ ಹಾರಿಹೋಗುತ್ತದೆ. ತಗಡಿನ ಮುಚ್ಚಳದಲ್ಲಿ ಹಳೆಯ ಧೋತರದ ನಾಲ್ಕು ಮಡಿಕೆ ಹಾಕಿ ಮಸಿ ಹೀರಿಸಿರಿ. ಮುದ್ರೆಯನ್ನು ಅದಕ್ಕೆ ಮೆಲ್ಲಗೆ ತಾಗಿಸಿ ಒತ್ತಿರಿ. ಮಸಿ ಹೆಚ್ಚಾದರೆ ಹಾಳೆಯ ಹಿಂದೆ ಇಳಿಯುತ್ತದೆ.

ಯಾವ ಯಾವ ಮುದ್ರೆ ಬೇಕು? ಹನಿ ಎಂದರೆ ಮಳೆ. ಅಲೆ ಎಂದರೆ ಕಾಲುವೆಯ ನೀರು ಬಂದ ದಿನ. ಕೂರಿಗೆ ಎಂದರೆ ಬಿತ್ತನೆ. ಚೀಲ ಎಂದರೆ ಗೊಬ್ಬರ. ಡಬ್ಬಿ ಎಂದರೆ ಎಣ್ಣೆ ಹೊಡೆದದ್ದು. ಹಸ್ತ ಎಂದರೆ ಕೂಲಿಯಾಳು. ಐದು ಆಳು ಬಂದರೆ ಐದು ಹಸ್ತ. ಗಾಲಿ ಎಂದರೆ ಮಾಲು ಸಾಗಿಸಿದ್ದು. ದುಂಡು ಬಿಲ್ಲೆ ಎಂದರೆ ಹಣ. ಬಂದದ್ದು ಕಪ್ಪು, ಕೊಟ್ಟದ್ದು ಕೆಂಪು. ಒಂದು ಹೊಲಕ್ಕಿಂತ ಹೆಚ್ಚಿದ್ದರೆ ಹೊಲಕ್ಕೊಂದು ಗುರುತು. ಇವೆಲ್ಲದರ ಜೊತೆಗೆ ನಿಮ್ಮ ಮನೆತನದ ಒಂದು ಅಂಕಿತ ಕೆತ್ತಿಕೊಳ್ಳಿರಿ. ಮುದ್ರೆಯ ಪಕ್ಕದಲ್ಲಿ ತಾರೀಖು, ಗಳಿಗೆ, ಅಂಕಿ ಬರೆಯಿರಿ.

ಮುದ್ರೆಯಿಂದ ಆಗುವ ದೊಡ್ಡ ಲಾಭ ಇದು: ಅಕ್ಷರ ಬಾರದವರೂ ಲೆಕ್ಕ ಇಡಬಹುದು. ಎಷ್ಟೋ ಮನೆಗಳಲ್ಲಿ ಕಳೆ ತೆಗೆಸುವುದು, ಆಳು ಎಣಿಸುವುದು, ಹತ್ತಿ ಬಿಡಿಸುವುದು ಎಲ್ಲವೂ ಹೆಣ್ಣುಮಕ್ಕಳ ಕೈಯಲ್ಲಿದೆ. ಲೆಕ್ಕ ಮಾತ್ರ ಗಂಡಸರ ಬಾಯಲ್ಲಿದೆ. ಅಜ್ಜಿಯ ಕೈಗೆ ಹಸ್ತದ ಮುದ್ರೆ ಕೊಡಿರಿ. ವಾರದ ಕೊನೆಗೆ ಕೂಲಿ ಬಟವಾಡೆಯಲ್ಲಿ ತಕರಾರು ಎಷ್ಟು ಕಡಿಮೆಯಾಗುತ್ತದೆಂಬುದನ್ನು ನೋಡಿರಿ. ಇದು ಕೂಲಿಯವರಿಗೂ ನ್ಯಾಯ, ನಿಮಗೂ ನ್ಯಾಯ.

ಮಳೆಯನ್ನು ಅಳೆಯುವುದೂ ಸುಲಭ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಗಿಡಮನೆಗಳ ಮರೆಯಿಲ್ಲದ ಜಾಗದಲ್ಲಿಟ್ಟು, ಬೆಳಿಗ್ಗೆ ಶಾಲೆಯ ಅಳತೆಪಟ್ಟಿಯಿಂದ ನೀರಿನ ಎತ್ತರ ನೋಡಿರಿ. ಒಂದು ಸೆಂಟಿಮೀಟರ್ ನಿಂತಿದ್ದರೆ ಎಕರೆಗೆ ಸುಮಾರು ೪೦,೦೦೦ ಲೀಟರ್ ನೀರು ಬಿದ್ದಂತಾಯಿತು. ನಾಲ್ಕು ವರ್ಷ ಹೀಗೆ ಬರೆದಿಟ್ಟವನಿಗೆ ತನ್ನ ಹೊಲದಲ್ಲಿ ಯಾವ ಮಳೆಗೆ ತೊಗರಿ ಬಿತ್ತಬೇಕೆಂಬುದು ಪರರನ್ನು ಕೇಳದೆ ತಿಳಿಯುತ್ತದೆ.

ಅಂಟಿಸುವುದು ಏನನ್ನು? ಬೀಜದ ಚೀಲದ ಚೀಟಿ, ತಳಿಯ ಹೆಸರು ಮತ್ತು ಲಾಟ್ ನಂಬರು ಇರುವ ತುಂಡು, ಔಷಧದ ಡಬ್ಬಿಯ ಹೆಸರುಪಟ್ಟಿ. ಔಷಧದ ಪಟ್ಟಿಯಾದರೆ ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ಮುಟ್ಟಿರಿ, ಕೈ ತೊಳೆದುಕೊಳ್ಳಿರಿ. ರೋಗ ಬಿದ್ದ ಎಲೆಯನ್ನು ಒತ್ತಿ ಒಣಗಿಸಿ ಅಂಟಿಸಿದರೆ ಮುಂದಿನ ವರ್ಷ ಗುರುತು ಹಿಡಿಯಲು ಬರುತ್ತದೆ. ಇವುಗಳ ಜೊತೆಗೆ ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಮಗಳ ಸೀರೆಯ ಚೂರು, ಮಗು ಬರೆದ ಮೊದಲ ಅಕ್ಷರ, ಅಜ್ಜಿಯ ಹಾಡು ಎಲ್ಲವೂ ಸೇರಲಿ. ಬರೀ ಲೆಕ್ಕದ ಪುಸ್ತಕವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಚೆಂದವಿದ್ದರೆ ಮಕ್ಕಳು ತೆರೆಯುತ್ತಾರೆ, ಲೆಕ್ಕವೂ ಕಣ್ಣಿಗೆ ಬೀಳುತ್ತದೆ.

ಅಂಟಿಸಬಾರದ್ದು ಯಾವುದು? ಪಹಣಿ, ಸಾಲದ ಪತ್ರ, ವಿಮೆಯ ರಸೀದಿ, ಬೀಜದ ಮೂಲ ಬಿಲ್ಲು. ಇವುಗಳಿಗಾಗಿ ಹೊದಿಕೆಯ ಒಳಬದಿಯಲ್ಲಿ ಒಂದು ಬಟ್ಟೆಯ ಚೀಲ ಹೊಲಿಯಿರಿ. ಇನ್ನೊಂದು ಮಾತು: ಯಂತ್ರದಿಂದ ಹೊರಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಬಿಸಿಗೆ ಮತ್ತು ದಿನ ಕಳೆದಂತೆ ಅಳಿಸಿಹೋಗುತ್ತದೆ. ಅದನ್ನು ತಂದ ದಿನವೇ ಜೆರಾಕ್ಸ್ ಮಾಡಿಸಿ, ನಕಲನ್ನು ಅಂಟಿಸಿ, ಮೂಲವನ್ನು ಚೀಲದಲ್ಲಿಡಿರಿ.

ಇದರ ಬೆಲೆ ಕಷ್ಟ ಬಂದಾಗ ತಿಳಿಯುತ್ತದೆ. ಕಳಪೆ ಬೀಜದಿಂದ ಬೆಳೆ ಹೋದರೆ ರೈತನೂ ಒಬ್ಬ ಗ್ರಾಹಕನೇ, ಅವನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಪರೀಕ್ಷೆಗೆಂದು ಬೀಜ ಉಳಿಸಿಟ್ಟಿರಬೇಕೆಂದು ಬಯಸುವುದು ಸರಿಯಲ್ಲವೆಂದೂ ಹೇಳಿತು. ಆದರೆ ಆ ಬೀಜ ಕೊಂಡದ್ದು ನಿಜವೆಂದು ತೋರಿಸಬೇಕಷ್ಟೆ. ಬಿಲ್ಲು, ಲಾಟ್ ನಂಬರು, ಬಿತ್ತಿದ ತಾರೀಖು ನಿಮ್ಮ ಕಡತದಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಅಲ್ಲಿ ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಅಷ್ಟು ದಿನ ನೆನಪಿನಲ್ಲಿ ತಾರೀಖು ಉಳಿಯುವುದುಂಟೇ? ಬೆಳೆ ವಿಮೆಯಲ್ಲಿಯೂ ಹಾಗೆಯೇ. ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ ೭೨ ಗಂಟೆಗಳೊಳಗೆ ತಿಳಿಸಬೇಕೆಂಬುದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮ. ಹಾನಿಯಾದ ಗಳಿಗೆಯನ್ನು ಬರೆದಿಟ್ಟವನಿಗೆ ಗೊಂದಲವಿಲ್ಲ.

೨೦೦೯ರ ಅಕ್ಟೋಬರ್ ಮೊದಲಲ್ಲಿ ಬಂದ ನೆರೆಯನ್ನು ಈ ಹೊಳೆಯ ದಂಡೆಯವರು ಯಾರೂ ಮರೆಯುವಂತಿಲ್ಲ. ಆದರೆ ನೀರು ನಿಮ್ಮ ಹೊಲದ ಯಾವ ಬದುವಿನವರೆಗೆ ಬಂತು, ಎಷ್ಟು ದಿನ ನಿಂತಿತು? ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ನೀರು ಎಂದು ಬಂದೀತೆಂದು ನಾವೆಲ್ಲ ದಿಗಿಲುಗೊಂಡೆವು. ಅಂಥ ವರ್ಷ ನಿಮ್ಮ ಗದ್ದೆಗೆ ಎಷ್ಟು ಸಲ ನೀರು ಬಂತೆಂಬುದು ಮೊಮ್ಮಕ್ಕಳಿಗೆ ತಿಳಿಯಬೇಡವೇ?

'ಎಲ್ಲವೂ ಮೊಬೈಲಿನಲ್ಲಿ ಫೋಟೋ ಇದೆಯಲ್ಲ' ಎಂದು ಯುವಕರು ಹೇಳಬಹುದು. ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಮೊಬೈಲು ನೀರಿಗೆ ಬಿದ್ದರೆ, ಒಡೆದರೆ, ಮಾರಿದರೆ ಅವೂ ಹೋಗುತ್ತವೆ. ಅದಲ್ಲದೆ ಮೊಬೈಲು ಒಬ್ಬನ ಕಿಸೆಯಲ್ಲಿರುತ್ತದೆ. ಪುಸ್ತಕ ಮನೆಯ ಗೂಡಿನಲ್ಲಿರುತ್ತದೆ, ಎಲ್ಲರ ಕೈಗೂ ಸಿಗುತ್ತದೆ. 'ಹೊತ್ತು ಎಲ್ಲಿದೆ?' ಎಂದು ಕೇಳುವವರಿಗೆ ನನ್ನ ಉತ್ತರ: ರಾತ್ರಿ ಊಟವಾದ ಮೇಲೆ ಮುದ್ರೆಯೊತ್ತಲು ಬೇಕಾದದ್ದು ಎರಡು ನಿಮಿಷ. ಅಂಟಿಸುವ ಕೆಲಸ ಅಮಾವಾಸ್ಯೆಯ ದಿನ, ಎತ್ತಿಗೂ ನಿಮಗೂ ಬಿಡುವಿರುವಾಗ, ಮಕ್ಕಳನ್ನು ಕೂಡಿಸಿಕೊಂಡು ಮಾಡಬಹುದು.

ಹೊಸ ಪುಸ್ತಕಕ್ಕೆ ಯುಗಾದಿಯವರೆಗೆ ಕಾಯಬೇಕೆಂದಿಲ್ಲ. ಈಗ ನಡೆದಿರುವ ನಕ್ಷತ್ರದಿಂದಲೇ ಹಿಡಿಯಿರಿ. ಒಂದು ಓಣಿಯಲ್ಲಿ ಒಂದು ಮನೆಯವರು ಮಾಡಿದರೆ ನೋಡಿ ಇನ್ನೊಬ್ಬರು ಮಾಡುತ್ತಾರೆ. ಮುದ್ರೆಗಳನ್ನು ನಾಲ್ಕು ಮನೆಯವರು ಹಂಚಿಕೊಳ್ಳಬಹುದು. ಅಂಕಿತ ಮಾತ್ರ ಮನೆಗೊಂದು ಬೇರೆ ಇರಲಿ. ಭಜನೆಯ ಮೇಳದವರು, ಸಂಘದ ತಾಯಂದಿರು ಒಂದೊಂದು ಹಾಡಿನ ಕಡತ ಕಟ್ಟಲಿ. ನಮ್ಮ ದುಡಿಮೆಯ ಲೆಕ್ಕ ನಮ್ಮ ಕೈಬರಹದಲ್ಲಿ, ನಮ್ಮ ಮುದ್ರೆಯೊಂದಿಗೆ, ನಮ್ಮ ಮನೆಯಲ್ಲಿ ಇರಲಿ ಎಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.